ಮನೆಯಲ್ಲೇ ಡ್ರಾಫ್ಟ್ ಬಿಯರ್: ಚೆಸ್ಟ್ ಫ್ರೀಜರೋ, ಹಳೆಯ ಫ್ರಿಜ್ಜೋ, ಸಿದ್ಧ ಯಂತ್ರವೋ?

ಬಾಟಲಿ ತೊಳೆದು ಸಾಕಾದವರೇ ಕೊನೆಗೆ ಕೆಗ್ ಎಂಬ ಉಕ್ಕಿನ ಪೀಪಾಯಿಯ ಕಡೆಗೆ ತಿರುಗುವುದು. ಮನೆಯಲ್ಲಿ ಒಮ್ಮೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರ್ ಮಾಡಿದರೆ ಐವತ್ತಕ್ಕೂ ಹೆಚ್ಚು ಬಾಟಲಿಗಳನ್ನು ತೊಳೆದು, ಸೋಂಕು ಕಳೆದು, ತುಂಬಿ, ಮುಚ್ಚಳ ಒತ್ತಿ, ಗ್ಯಾಸ್ ಹುಟ್ಟಲು ಎರಡು ವಾರ ಕಾಯಬೇಕು. ಕೆಗ್ ಆದರೆ ತೊಳೆಯುವುದು ಒಂದೇ ಪಾತ್ರೆ. ಆದರೆ ಆ ಪಾತ್ರೆಯನ್ನು ಸದಾ ತಣ್ಣಗಿಟ್ಟು, ಬೇಕೆನಿಸಿದಾಗ ನಲ್ಲಿ ಎಳೆದು ಲೋಟಕ್ಕೆ ಬಿಟ್ಟುಕೊಳ್ಳುವ ಏರ್ಪಾಡು ಬೇಕು. ಅದಕ್ಕೆ ಮೂರು ದಾರಿಗಳಿವೆ: ಕೆಗರೇಟರ್ ಎಂಬ ಸಿದ್ಧ ಯಂತ್ರ ಕೊಳ್ಳುವುದು, ಹಳೆಯ ಫ್ರಿಜ್ಜಿನ ಬಾಗಿಲಿಗೆ ನಲ್ಲಿ ಕೂರಿಸುವುದು, ಅಥವಾ ಮುಚ್ಚಳ ಮೇಲಕ್ಕೆ ತೆರೆಯುವ ಚೆಸ್ಟ್ ಫ್ರೀಜರ್ ತಂದು, ಮುಚ್ಚಳದ ಕೆಳಗೆ ಕಾಲರ್ ಎಂಬ ಮರದ ಚೌಕಟ್ಟು ಕಟ್ಟಿ, ಹವ್ಯಾಸಿಗಳು ಕೀಜರ್ ಎಂದು ಕರೆಯುವ ಪೆಟ್ಟಿಗೆ ಮಾಡಿಕೊಳ್ಳುವುದು.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೆರಡು ನಲ್ಲಿ ಸಾಕೆನ್ನುವವರು ಚೆಸ್ಟ್ ಫ್ರೀಜರಿನ ಗೊಡವೆಗೆ ಹೋಗಬೇಡಿ. ಮೂರು, ನಾಲ್ಕು, ಆರು ನಲ್ಲಿ ಬೇಕು, ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಜಾಗವಿದೆ, ಸೊಂಟ ಗಟ್ಟಿಯಾಗಿದೆ ಎನ್ನುವವರಿಗೆ ಮಾತ್ರ ಅದಕ್ಕೆ ಸಾಟಿಯಿಲ್ಲ. ಈ ಮೂರರಲ್ಲಿ ಹೆಚ್ಚು ಜನ ಮರೆಯುವುದು ಸೊಂಟವನ್ನು.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸೋಣ. ಇದು ಮುಖ್ಯವಾಗಿ ಅಮೆರಿಕದ ಹವ್ಯಾಸ, ಅಲ್ಲಿ ನೆಲೆಸಿದ ಕನ್ನಡಿಗರಿಗೂ ಎಟುಕುವಂಥದ್ದು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಕೊನೆಯ ಎರಡಾದ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಯ ಬಿಯರಿಗೂ ಅದರಿಂದ ವಿನಾಯಿತಿ ಇಲ್ಲ. ಬೆಂಗಳೂರಿನಲ್ಲಿ ಕುಳಿತು ಓದುತ್ತಿರುವವರು ಇದೇ ಪೆಟ್ಟಿಗೆಯಲ್ಲಿ ಸೋಡಾ, ಶರಬತ್ತು, ತಣ್ಣೀರಿನಲ್ಲಿ ನೆನೆಸಿ ಇಳಿಸಿದ ಕಾಫಿ ಇಟ್ಟುಕೊಳ್ಳಬಹುದು; ಯಂತ್ರಕ್ಕೆ ಒಳಗಿರುವುದು ಏನೆಂಬ ಹಂಗಿಲ್ಲ.

ದುಡ್ಡಿನ ಲೆಕ್ಕ

ಫ್ರೀಜರ್ ಅಗ್ಗವಾಗಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಈ ಕೆಲಸಕ್ಕೆ ಇಳಿಯುವವರನ್ನು ಕಂಡಿದ್ದೇನೆ. ಇಡೀ ಏರ್ಪಾಡಿನಲ್ಲಿ ಅತಿ ಅಗ್ಗದ ವಸ್ತುಗಳಲ್ಲಿ ಫ್ರೀಜರೂ ಒಂದು. ಏಳು ಘನ ಅಡಿಯ ಹೊಸ ಫ್ರೀಜರ್ ಇನ್ನೂರು, ಮುನ್ನೂರು ಡಾಲರಿಗೆ ಸಿಗುತ್ತದೆ, ಹಳೆಯದು ನೂರರ ಒಳಗೂ ದಕ್ಕುತ್ತದೆ. ಖರ್ಚು ಏರುವುದು ನಲ್ಲಿಯ ಲೆಕ್ಕದಲ್ಲಿ. ಪ್ರತಿಯೊಂದು ನಲ್ಲಿಗೂ ಒಂದು ಕೆಗ್, ಮರದ ಮೂಲಕ ಹಾಯುವ ಶ್ಯಾಂಕ್ ಎಂಬ ಲೋಹದ ಕೊಳವೆ, ಬಿಯರಿನ ಪೈಪು, ಬಿಯರನ್ನು ಹೊರಕ್ಕೆ ತಳ್ಳುವ ಗ್ಯಾಸಿನ ಪೈಪು, ಎರಡು ಜೋಡಣೆಗಳು ಬೇಕು. ಒಂದು ನಲ್ಲಿಯ ಬಾಬ್ತು ಒಟ್ಟು ನೂರೈವತ್ತರಿಂದ ಇನ್ನೂರು ಡಾಲರ್ ಎಂದಿಟ್ಟುಕೊಳ್ಳಿ. ಇದರ ಮೇಲೆ ಗ್ಯಾಸಿನ ಸಿಲಿಂಡರ್, ಅದರ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್, ತಾಪ ನಿಯಂತ್ರಕ, ಮರ, ಬಣ್ಣ. ಮೂರು ನಲ್ಲಿಯ ಕೀಜರ್ ಎದ್ದು ನಿಲ್ಲುವಷ್ಟರಲ್ಲಿ ಖರ್ಚು ಸಾವಿರದ ಆಸುಪಾಸಿಗೆ ಬಂದಿರುತ್ತದೆ. ಆದ್ದರಿಂದ ಉಳಿತಾಯವನ್ನೇ ನೆಚ್ಚಿಕೊಂಡು ಕೀಜರ್ ಕಟ್ಟಬೇಡಿ. ನಾಲ್ಕನೆಯ ನಲ್ಲಿಯಿಂದ ಮುಂದೆ ಮಾತ್ರ ಅದರ ಲಾಭ ಕಣ್ಣಿಗೆ ಕಾಣತೊಡಗುತ್ತದೆ.

ಸಿದ್ಧ ಯಂತ್ರ

ಹೇಳಲು ಹೆಚ್ಚಿಲ್ಲ. ಪೆಟ್ಟಿಗೆ ಬಿಚ್ಚಿ, ಸಿಲಿಂಡರ್ ತುಂಬಿಸಿ ತಂದು, ಕೆಗ್ ಜೋಡಿಸಿದರೆ ಸಂಜೆಗೆ ಬಿಯರ್ ತಯಾರು. ಚಕ್ರಗಳಿರುತ್ತವೆ, ಊಟದ ಮನೆಯ ಮೂಲೆಯಲ್ಲಿ ನಿಲ್ಲಿಸಿದರೂ ಮನೆಯವರ ಮುಖ ಗಂಟಿಕ್ಕುವುದಿಲ್ಲ, ವಾರಂಟಿಯೂ ಇರುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ, ಅಪಾರ್ಟ್‌ಮೆಂಟಿನವರಿಗೆ ಇದೇ ಸರಿ. ಎರಡು ಕೆಗ್ ಹಿಡಿಯುವುದು ಸಾಮಾನ್ಯ, ಒತ್ತೊತ್ತಾಗಿ ಇಟ್ಟರೆ ಕೆಲವದರಲ್ಲಿ ಮೂರು. ಕೊಳ್ಳುವಾಗ ಒಂದನ್ನು ಮಾತ್ರ ವಿಚಾರಿಸಿ: ನಲ್ಲಿ ಕೂತಿರುವ ಗೋಪುರದೊಳಕ್ಕೆ ತಣ್ಣನೆಯ ಗಾಳಿ ಊದುವ ಫ್ಯಾನ್ ಇದೆಯೇ ಎಂದು. ಇಲ್ಲದಿದ್ದರೆ ಗೋಪುರದೊಳಗಿನ ಪೈಪು ಬೆಚ್ಚಗಾಗಿ ಪ್ರತಿ ಬಾರಿಯ ಮೊದಲ ಲೋಟ ಬರೀ ನೊರೆ.

ಹಳೆಯ ಫ್ರಿಜ್

ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ಫ್ರಿಜ್ ಹುಟ್ಟಿದ್ದೇ ಮೂರು, ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕೆ. ಬಿಯರಿಗೆ ಬೇಕಾದದ್ದೂ ಅದೇ ತಾಪ. ಬೇರೆ ನಿಯಂತ್ರಕ ಬೇಡ, ತೇವದ ಕಾಟ ಕಡಿಮೆ, ಕೆಗ್ಗನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಒಳಕ್ಕೆ ಸರಿಸಿದರೆ ಮುಗಿಯಿತು. ಮೇಲಿನ ಫ್ರೀಜರ್ ಖಾನೆಯಲ್ಲಿ ಹಾಪ್ಸ್ ಹೂವಿನ ಪೊಟ್ಟಣಗಳನ್ನು ಇಟ್ಟುಕೊಳ್ಳಬಹುದು. ಅವುಗಳ ಘಮ ಉಳಿಯಲು ಅಂಥದೇ ಚಳಿ ಬೇಕು.

ತೂತು ಕೊರೆಯುವುದು ಬಾಗಿಲಿಗೆ. ಬಾಗಿಲಿನೊಳಗೆ ಶೀತಕ ಹರಿಯುವ ಕೊಳವೆಗಳಿರುವುದಿಲ್ಲ, ಹಾಗಾಗಿ ಭಯವಿಲ್ಲ. ಒಳಬದಿಯಲ್ಲಿ ಉಬ್ಬಿಕೊಂಡಿರುವ ಮೊಟ್ಟೆ, ಬೆಣ್ಣೆ ಇಡುವ ಪ್ಲಾಸ್ಟಿಕ್ ತಟ್ಟೆಗಳು ಕೆಗ್ಗಿಗೆ ಅಡ್ಡ ಬರುತ್ತವೆ. ಅವನ್ನು ಕತ್ತರಿಸಿ ತೆಗೆದು ಚಪ್ಪಟೆ ಹಾಳೆ ಹೊಡೆಯಬೇಕು. ಪಕ್ಕದ ಗೋಡೆಯಲ್ಲೋ ಚಿಕ್ಕ ಫ್ರಿಜ್ಜಿನ ನೆತ್ತಿಯಲ್ಲೋ ಕೊರೆಯುವ ಆಸೆಯಿದ್ದರೆ ಮಾತ್ರ ಎಚ್ಚರ. ಅಲ್ಲಿ ಕೊಳವೆ ಎಲ್ಲಿ ಹಾಯ್ದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹಳಬರ ಒಂದು ಉಪಾಯವಿದೆ: ಜೋಳದ ಪಿಷ್ಟವನ್ನು ವೋಡ್ಕಾದಲ್ಲಿ ಕದಡಿ ತೆಳುವಾಗಿ ಬಳಿದು ಫ್ರಿಜ್ ಚಾಲೂ ಮಾಡುವುದು. ಒಳಗೆ ಬಿಸಿ ಕೊಳವೆ ಇರುವ ಕಡೆ ಲೇಪ ಬೇಗ ಒಣಗಿ ಬಿಳಿ ಗೆರೆ ಮೂಡುತ್ತದೆ. ಗೆರೆಯಿಂದ ದೂರ ಸರಿದು ಕೊರೆಯಿರಿ.

ಫ್ರಿಜ್ಜಿನ ಕೊರತೆ ಎರಡು. ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿ ನೆಲಕ್ಕೆ ಸುರಿದು ಹೋಗುತ್ತದೆ. ಮತ್ತೊಂದು, ಎಷ್ಟೇ ದೊಡ್ಡದಾದರೂ ನಾಲ್ಕು ಕೆಗ್ ದಾಟಿಸುವುದು ಕಷ್ಟ.

ಚೆಸ್ಟ್ ಫ್ರೀಜರ್

ಇದರ ಬಲ ಗೋಡೆಗಳಲ್ಲಿದೆ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇರಬೇಕಾದ ಪೆಟ್ಟಿಗೆಗೆ ತುಂಬಿದ ದಪ್ಪ ಫೋಮ್, ಮೂರು ಡಿಗ್ರಿ ಮಾತ್ರ ಕೇಳುವ ನಮ್ಮ ಬಿಯರಿಗೆ ರಾಜೋಪಚಾರ. ಕಂಪ್ರೆಸರ್ ದಿನದ ಬಹುಪಾಲು ಸುಮ್ಮನಿರುತ್ತದೆ. ಮುಚ್ಚಳ ಎತ್ತಿದರೂ ಭಾರವಾದ ತಣ್ಣನೆಯ ಗಾಳಿ ಒಳಗೇ ಕೂತಿರುತ್ತದೆ.

ತೊಂದರೆ ಶುರುವಾಗುವುದು ಕೆಗ್ ತುಂಬಿದ ಮೇಲೆ. ತುಂಬಿದ ಐದು ಗ್ಯಾಲನ್ ಕೆಗ್ ಸುಮಾರು 23 ಕಿಲೋ ತೂಗುತ್ತದೆ. ಅದರ ರಬ್ಬರ್ ಹಿಡಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಕೆಗ್ಗಿನ ಬುಡ ಫ್ರೀಜರಿನ ಅಂಚನ್ನೂ ಅದರ ಮೇಲಿನ ಕಾಲರನ್ನೂ ದಾಟುವವರೆಗೆ ಎದೆಯ ಮಟ್ಟಕ್ಕೆ ಎತ್ತಬೇಕು. ಅಲ್ಲಿಗೆ ಅರ್ಧ ಕೆಲಸ. ಆಮೇಲೆ ಅದೇ ಭಾರವನ್ನು ತೋಳು ಚಾಚಿ, ನಡು ಬಗ್ಗಿಸಿ, ಬುಡ ಎಲ್ಲಿದೆ ಎಂದು ಕಾಣದೆ, ಪೈಪುಗಳನ್ನು ಜಜ್ಜದಂತೆ ಕೆಳಗಿಳಿಸಬೇಕು. ಒಬ್ಬರೇ ಇರುವ ಮನೆಯಲ್ಲಿ ಇದು ಆಟವಲ್ಲ. ಖಾಲಿ ಕೆಗ್ಗನ್ನೇ ಒಳಗಿಟ್ಟು, ಬಿಯರನ್ನು ಪೈಪಿನ ಮೂಲಕ ಅದಕ್ಕೆ ಹರಿಸುವ ಜಾಣರೂ ಇದ್ದಾರೆ. ಬೆನ್ನಿನ ತೊಂದರೆ ಇರುವವರಿಗೆ ಅದೊಂದೇ ದಾರಿ.

ಎಷ್ಟು ದೊಡ್ಡದು ಕೊಳ್ಳಬೇಕು? ಘನ ಅಡಿಯ ಸಂಖ್ಯೆಯನ್ನು ನಂಬಬೇಡಿ. ಐದು ಘನ ಅಡಿಯದರಲ್ಲಿ ಎರಡೋ ಮೂರೋ, ಏಳರದರಲ್ಲಿ ನಾಲ್ಕರವರೆಗೆ ಕೆಗ್ ಕೂರುವುದುಂಟು, ಆದರೆ ಒಳಗಿನ ಆಕಾರ ಮಾದರಿಯಿಂದ ಮಾದರಿಗೆ ಬೇರೆ. ಒಂದು ಬದಿಯಲ್ಲಿ ಕಂಪ್ರೆಸರಿಗಾಗಿ ಮೆಟ್ಟಿಲಿನಂಥ ದಿಣ್ಣೆ ಎದ್ದಿರುತ್ತದೆ; ಆ ಜಾಗ ಕೆಗ್ಗಿಗೆ ದಕ್ಕುವುದಿಲ್ಲ, ಗ್ಯಾಸ್ ಸಿಲಿಂಡರಿಗೆ ದಕ್ಕುತ್ತದೆ. ಒಂಬತ್ತು ಅಂಗುಲ ಅಗಲದ ವೃತ್ತಗಳನ್ನು ರಟ್ಟಿನಲ್ಲಿ ಕತ್ತರಿಸಿ ಅಂಗಡಿಗೇ ಒಯ್ದು ಫ್ರೀಜರಿನ ತಳದಲ್ಲಿ ಹರಡಿ ನೋಡಿ. ಮಾರುವವರು ವಿಚಿತ್ರವಾಗಿ ನೋಡಿದರೆ ನೋಡಲಿ. ಎತ್ತರಕ್ಕೆ ಕೆಗ್ಗಿನ 25 ಅಂಗುಲ, ಅದರ ಮೇಲೆ ಜೋಡಣೆಗೂ ಪೈಪಿನ ಬಾಗಿಗೂ ಇನ್ನೆರಡು ಮೂರು ಅಂಗುಲ ಸೇರಿಸಿಕೊಳ್ಳಿ.

ನಲ್ಲಿ ಎಲ್ಲಿ ಕೂರಬೇಕು

ಫ್ರೀಜರಿನ ಗೋಡೆಗೆ ಡ್ರಿಲ್ ತಾಗಿಸಲೇಬೇಡಿ. ಶೀತಕದ ಕೊಳವೆಗಳು ಆ ಗೋಡೆಗಳ ಒಳಗೇ ಸುತ್ತು ಹಾಕಿರುತ್ತವೆ. ಒಂದಕ್ಕೆ ತೂತು ಬಿದ್ದರೆ ಫ್ರೀಜರ್ ಗುಜರಿಗೆ. ಉಳಿಯುವುದು ಮೂರು ಆಯ್ಕೆ. ಅತಿ ಸುಲಭದ್ದು, ಕೆಗ್ಗಿಗೆ ನೇರವಾಗಿ ಪೈಪು ಮತ್ತು ಪ್ಲಾಸ್ಟಿಕ್ ಒತ್ತುನಲ್ಲಿ ಸಿಕ್ಕಿಸಿ ಮುಚ್ಚಳ ಎತ್ತಿದಾಗ ಸುರಿದುಕೊಳ್ಳುವುದು. ನೋಡಲು ಬಡತನ, ಕುಡಿಯಲು ಏನೂ ಕಡಿಮೆಯಿಲ್ಲ, ಮೊದಲ ವರ್ಷಕ್ಕೆ ಧಾರಾಳ ಸಾಕು. ಎರಡನೆಯದು ಮುಚ್ಚಳದ ಮೇಲೆ ಗೋಪುರ. ಚೆಂದ ಕಾಣುತ್ತದೆ, ಆದರೆ ಮುಚ್ಚಳ ಭಾರವಾಗುತ್ತದೆ, ಗೋಪುರ ಬೆಚ್ಚಗಾಗುತ್ತದೆ.

ಮೂರನೆಯದು ಕಾಲರ್. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಹಲಗೆಯ ಚೌಕಟ್ಟು ಕಟ್ಟಿ ನಲ್ಲಿಗಳನ್ನು ಆ ಮರಕ್ಕೆ ಕೂರಿಸುವುದು. ಹೆಚ್ಚಿನವರು ಇದನ್ನೇ ಆರಿಸುತ್ತಾರೆ, ಅದು ಸರಿಯೂ ಹೌದು. ಅಮೆರಿಕದ ಮರದಂಗಡಿಯಲ್ಲಿ ಎರಡು-ಆರು ಎಂದು ಮಾರುವ ಹಲಗೆಯ ನಿಜವಾದ ಅಳತೆ ಒಂದೂವರೆ ಅಂಗುಲ ದಪ್ಪ, ಐದೂವರೆ ಅಗಲ. ಎರಡು-ಎಂಟರ ಅಗಲ ಏಳೂಕಾಲು. ಎರಡು-ಎಂಟು ಕೊಂಡರೆ ಪೈಪುಗಳಿಗೆ ಜಾಗ ಸಲೀಸಾಗಿ ಸಿಗುತ್ತದೆ, ಆದರೆ ಕೆಗ್ ಎತ್ತುವ ಎತ್ತರವೂ ಅಷ್ಟೇ ಏರುತ್ತದೆ. ಹಲಗೆಯ ಒಳಮೈಗೆ ಒಂದಂಗುಲ ಫೋಮ್ ಹಾಳೆ ಅಂಟಿಸಿ, ಸಂದುಗಳಿಗೆ ಸಿಲಿಕೋನ್ ತುಂಬಿ. ಶ್ಯಾಂಕ್ ಕೊಳ್ಳುವಾಗ ಮರ ಮತ್ತು ಫೋಮ್ ಎರಡೂ ಸೇರಿದ ದಪ್ಪವನ್ನು ದಾಟುವ ಉದ್ದ ಇದೆಯೇ ನೋಡಿ.

ಇನ್ನು ಕಾಲರನ್ನು ಪೆಟ್ಟಿಗೆಗೆ ಅಂಟಿಸಬೇಕೋ ಮುಚ್ಚಳಕ್ಕೋ ಎಂಬ ತಕರಾರು. ಪೆಟ್ಟಿಗೆಗೆ ಅಂಟಿಸಿ ಬಿಜಾಗರಿಗಳನ್ನು ಕಾಲರಿನ ಹಿಂಬದಿಗೆ ವರ್ಗಾಯಿಸಿದರೆ ನಲ್ಲಿ ಅಲುಗಾಡುವುದಿಲ್ಲ, ಮುಚ್ಚಳ ಹಗುರವಾಗಿರುತ್ತದೆ. ಮುಚ್ಚಳಕ್ಕೆ ಅಂಟಿಸಿದರೆ ಕಾಲರ್, ನಲ್ಲಿ, ಪೈಪು ಎಲ್ಲವೂ ಮುಚ್ಚಳದ ಜೊತೆ ಮೇಲೇಳುತ್ತವೆ, ಕೆಗ್ಗನ್ನು ಏಳು ಅಂಗುಲ ಕಡಿಮೆ ಎತ್ತಿದರೆ ಸಾಕು. ಬದಲಿಗೆ ಬಿಜಾಗರಿಯ ಸ್ಪ್ರಿಂಗಿಗೆ ಆ ಭಾರ ತಾಳದೆ ಮುಚ್ಚಳ ತಲೆಯ ಮೇಲೆ ಬೀಳುವ ಸಂಭವವಿದೆ, ಸರಪಳಿಯನ್ನೋ ಊರುಗೋಲನ್ನೋ ಕೊಡಬೇಕು. ನಾನು ಮುಚ್ಚಳದ ಪಕ್ಷ. ಮುಚ್ಚಳದ ಭಾರಕ್ಕೆ ಊರುಗೋಲು ಕೊಡಬಹುದು, ಬೆನ್ನಿಗೆ ಕೊಡಲಾಗದು. ಆರಡಿ ಎತ್ತರದವರು ಬೇಕಿದ್ದರೆ ಇನ್ನೊಂದು ಪಕ್ಷಕ್ಕೆ ಹೋಗಲಿ.

ತಾಪ, ತೇವ, ಗಾಳಿ

ಬಿಯರ್ ಶೂನ್ಯಕ್ಕಿಂತ ಎರಡು, ಮೂರು ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ಫ್ರೀಜರ್ ತನ್ನ ಪಾಡಿಗೆ ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತದೆ. ಆದ್ದರಿಂದ ನಿಯಂತ್ರಕ ಇಲ್ಲದ ಕೀಜರ್ ಇಲ್ಲ. ಇಂಕ್‌ಬರ್ಡ್ ಐಟಿಸಿ-308 ಮಾದರಿಯದು ಗೋಡೆಯ ಪ್ಲಗ್ಗಿಗೂ ಫ್ರೀಜರಿಗೂ ನಡುವೆ ಕೂರುತ್ತದೆ, ತಂತಿ ಮುಟ್ಟುವ ಕೆಲಸವಿಲ್ಲ. ಎಸ್‌ಟಿಸಿ-1000 ಅದಕ್ಕಿಂತ ಅಗ್ಗ, ಆದರೆ ನೀವೇ ಡಬ್ಬಿಯಲ್ಲಿ ಕೂರಿಸಿ ತಂತಿ ಜೋಡಿಸಬೇಕು. ವಿದ್ಯುತ್ ಕೆಲಸ ಬಲ್ಲವರಿಗೆ ಮಾತ್ರ ಅದು. ಐಟಿಸಿ-308ಕ್ಕೆ ಬಿಸಿಗೂ ಒಂದು ಪ್ಲಗ್ ಇದೆ. ಮಿನೆಸೋಟದಂಥ ಕಡೆ ಜನವರಿಯ ಗ್ಯಾರೇಜಿನಲ್ಲಿ ಬಿಯರ್ ಹೆಪ್ಪುಗಟ್ಟದಂತೆ ಪುಟ್ಟ ಹೀಟರ್ ನಡೆಸಲು ಅದು ಬೇಕಾಗುತ್ತದೆ. ಇಡ್ಲಿ ಹಿಟ್ಟು ಹುಳಿಯದ ಚಳಿಗಾಲದಲ್ಲಿ ಅಡುಗೆಮನೆಯವರು ಅದನ್ನು ಎರವಲು ಕೇಳಿದರೆ ಆಶ್ಚರ್ಯಪಡಬೇಡಿ.

ಸಂವೇದಕದ ತುದಿಯನ್ನು ಗಾಳಿಯಲ್ಲಿ ತೂಗುಬಿಟ್ಟರೆ ಮುಚ್ಚಳ ತೆರೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುತ್ತದೆ. ತುಂಬಿದ ಕೆಗ್ಗಿನ ಮಗ್ಗುಲಿಗೆ ಟೇಪಿನಿಂದ ಅಂಟಿಸಿ ಮೇಲೊಂದು ಫೋಮ್ ತುಂಡು ಹೊದಿಸಿ. ತಾಪ 3.3 ಡಿಗ್ರಿ ಸೆಲ್ಸಿಯಸ್, ಏರಿಳಿತಕ್ಕೆ ಒಂದು ಡಿಗ್ರಿ, ಕಂಪ್ರೆಸರಿನ ವಿರಾಮ ಐದು ನಿಮಿಷ ಎಂದು ಇಟ್ಟರೆ ಆಯಿತು.

ಫ್ರಿಜ್ಜಿಗೆ ಇಲ್ಲದ ಎರಡು ಕಾಯಿಲೆ ಇದಕ್ಕಿವೆ. ಒಳಗೆ ಗಾಳಿ ಓಡಾಡದ ಕಾರಣ ತಳದಲ್ಲಿ ಚಳಿ, ಕಾಲರಿನ ಹತ್ತಿರ ಬೆಚ್ಚಗೆ. ಕೆಗ್ಗಿನಿಂದ ತಣ್ಣಗೆ ಹೊರಟ ಬಿಯರ್ ಬೆಚ್ಚನೆಯ ಪೈಪು, ನಲ್ಲಿಗಳಿಗೆ ತಾಗಿದ ಕೂಡಲೇ ಕರಗಿದ್ದ ಅನಿಲ ಬಿಡುಗಡೆಯಾಗಿ ಮೊದಲ ಲೋಟ ನೊರೆಯಾಗುತ್ತದೆ. ಕಂಪ್ಯೂಟರಿನೊಳಗೆ ಇರುವಂಥ 120 ಮಿಲಿಮೀಟರ್ ಫ್ಯಾನೊಂದನ್ನು ತಳದಿಂದ ಮೇಲಕ್ಕೆ ಊದುವಂತೆ ಇಟ್ಟರೆ ಈ ರೋಗ ಬಹುಮಟ್ಟಿಗೆ ವಾಸಿ. ಇನ್ನೊಂದು ತೇವ. ಮುಚ್ಚಳ ತೆರೆದಾಗ ಬಂದ ತೇವ ಒಳಗೇ ಇಳಿದು ತಳದಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಸಿಲಿಕಾ ಹರಳು ತುಂಬಿದ, ಮತ್ತೆ ಕಾಯಿಸಿ ಒಣಗಿಸಬಹುದಾದ ಡಬ್ಬಿಗಳು ಸಿಗುತ್ತವೆ. ಕರಾವಳಿಯಂಥ ಹವೆಯ ಫ್ಲೋರಿಡಾ, ಹ್ಯೂಸ್ಟನ್ ಕಡೆಯವರು ಎರಡು ಇಟ್ಟುಕೊಳ್ಳಲಿ.

ಕೆಗ್, ಗ್ಯಾಸ್, ನಲ್ಲಿ

ಮನೆಯವರು ಬಳಸುವ ಕೆಗ್‌ಗಳು ಮೂಲದಲ್ಲಿ ತಂಪುಪಾನೀಯದ ಕಂಪನಿಗಳವು. ಪೆಪ್ಸಿ ಬಳಸುತ್ತಿದ್ದದ್ದು ಬಾಲ್ ಲಾಕ್ ಎಂಬ ಜೋಡಣೆಯ ಕೆಗ್, ತೆಳ್ಳಗೆ, ಎತ್ತರ. ಕೋಕಾ-ಕೋಲಾದ್ದು ಪಿನ್ ಲಾಕ್, ಕುಳ್ಳಗೆ, ತುಸು ದಪ್ಪ. ಬಿಡಿಭಾಗಗಳು ಹೇರಳವಾಗಿ ಸಿಗುವುದು ಬಾಲ್ ಲಾಕ್‌ಗೆ, ಅದನ್ನೇ ಕೊಳ್ಳಿ. ಫ್ರೀಜರಿನ ಎತ್ತರ ಸಾಲದಿದ್ದರೆ ಮಾತ್ರ ಪಿನ್ ಲಾಕ್ ಯೋಚಿಸಿ. ಅಂಗಡಿಯಿಂದ ಬ್ರೂವರಿಯ ಬಿಯರ್ ತರುವವರಿಗೆ ಬೇರೆ ಜೋಡಣೆ ಬೇಕು, ಮತ್ತು 15.5 ಗ್ಯಾಲನ್ನಿನ ದೊಡ್ಡ ಕೆಗ್ ತುಂಬಿದಾಗ 70 ಕಿಲೋ ದಾಟುತ್ತದೆ. ಅದನ್ನು ಚೆಸ್ಟ್ ಫ್ರೀಜರಿಗೆ ಇಳಿಸುವ ಮಾತೇ ಬೇಡ. ಆ ಕೆಗ್‌ಗಳು ಬ್ರೂವರಿಯ ಸ್ವತ್ತು, ಠೇವಣಿ ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ ಎಂಬುದೂ ನೆನಪಿರಲಿ.

ಇಂಗಾಲದ ಡೈಆಕ್ಸೈಡಿನ ಐದು ಪೌಂಡ್ ಸಿಲಿಂಡರ್ ಆರೇಳು ಕೆಗ್‌ಗಳಿಗೆ ಬರುತ್ತದೆ. ಹತ್ತು ಪೌಂಡಿನದಕ್ಕೆ ತುಂಬಿಸುವ ದರ ದುಪ್ಪಟ್ಟಾಗುವುದಿಲ್ಲ, ಆದ್ದರಿಂದ ಜಾಗವಿದ್ದರೆ ಹತ್ತೇ ಲೇಸು. ಸಿಲಿಂಡರನ್ನು ಹೊರಗಿಟ್ಟು ಕಾಲರಿನ ಮೂಲಕ ಪೈಪು ತಂದರೆ ಒಳಗೆ ಇನ್ನೊಂದು ಕೆಗ್ಗಿಗೆ ಸ್ಥಳ. ಒಳಗಿಟ್ಟರೆ ಚಳಿಗೆ ಸಿಲಿಂಡರಿನೊಳಗಿನ ಒತ್ತಡ ತೋರುವ ಮಾಪಕದ ಮುಳ್ಳು ಕೆಳಗಿಳಿದು ಗ್ಯಾಸ್ ಮುಗಿಯಿತೇನೋ ಎನಿಸುತ್ತದೆ, ಅದು ಸಹಜ. ಸಹಜವಲ್ಲದ್ದು ಸೋರಿಕೆ. ಈ ಅನಿಲ ಗಾಳಿಗಿಂತ ಭಾರ, ವಾಸನೆಯಿಲ್ಲ, ಮುಚ್ಚಿದ ಪೆಟ್ಟಿಗೆಯ ತಳದಲ್ಲಿ ಬಾವಿಯ ನೀರಿನಂತೆ ನಿಲ್ಲುತ್ತದೆ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಸೋರಿದೆ ಎಂಬ ಶಂಕೆ ಬಂದರೆ ಸಿಲಿಂಡರ್ ಮುಚ್ಚಿ, ಗ್ಯಾರೇಜಿನ ಬಾಗಿಲು ತೆರೆದು ಗಾಳಿಯಾಡಲು ಬಿಡಿ, ಒಳಕ್ಕೆ ತಲೆ ತೂರಿಸಬೇಡಿ.

ಒತ್ತಡ 12 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಇಟ್ಟು ಒಂದೆರಡು ವಾರ ಬಿಟ್ಟರೆ 3.3 ಡಿಗ್ರಿಯ ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರ್ ಅನಿಲ ಕರಗುತ್ತದೆ, ಹೆಚ್ಚಿನ ಬಗೆಯ ಬಿಯರಿಗೆ ಅದು ಹಿತ. ಆ ಒತ್ತಡಕ್ಕೆ 3/16 ಅಂಗುಲ ಒಳವ್ಯಾಸದ ವಿನೈಲ್ ಪೈಪು ಹತ್ತು ಅಡಿ ಬೇಕು. ಗಿಡ್ಡ ಮಾಡಿದರೆ ಬಿಯರ್ ರಭಸವಾಗಿ ಬಂದು ನೊರೆಯಾಗುತ್ತದೆ. ಉದ್ದ ಕೊಂಡು ಕತ್ತರಿಸುತ್ತ ಬನ್ನಿ, ಕತ್ತರಿಸಿದ್ದನ್ನು ಬೆಳೆಸಲಾಗದು.

ನಲ್ಲಿಯಲ್ಲಿ ಜಿಪುಣತನ ಬೇಡ. ಅಗ್ಗದ ಕ್ರೋಮ್ ಲೇಪದ ನಲ್ಲಿ ಹಿಂಬದಿಯಲ್ಲಿ ಮುಚ್ಚಿಕೊಳ್ಳುತ್ತದೆ. ಮುಂದಿನ ಭಾಗದಲ್ಲಿ ಉಳಿದ ಬಿಯರ್ ಒಣಗಿ ಅಂಟಾಗಿ ವಾರದ ನಂತರ ಹಿಡಿ ಕಚ್ಚಿಕೊಂಡಿರುತ್ತದೆ. ಪರ್ಲಿಕ್, ಇಂಟರ್‌ಟ್ಯಾಪ್, ನ್ಯೂಕಾಟ್ಯಾಪ್ ಮಾದರಿಯ ಉಕ್ಕಿನ ನಲ್ಲಿಗಳು ಮುಂಬದಿಯಲ್ಲಿ ಮುಚ್ಚಿಕೊಳ್ಳುತ್ತವೆ. ಹೋಟೆಲಿನಲ್ಲಿ ನಲ್ಲಿ ಗಂಟೆಗಂಟೆಗೆ ಹರಿಯುತ್ತದೆ. ಮನೆಯಲ್ಲಿ ಶುಕ್ರವಾರದಿಂದ ಶುಕ್ರವಾರಕ್ಕೆ. ಹಾಗಾಗಿ ಈ ವ್ಯತ್ಯಾಸ ಮನೆಯವರಿಗೇ ಹೆಚ್ಚು ಮುಖ್ಯ. ಪೈಪುಗಳನ್ನು ಬಾರುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಬೇಕೆಂಬ ನಿಯಮವಿದೆ, ಮನೆಯಲ್ಲಿ ಕೆಗ್ ಬದಲಿಸಿದಾಗಲೆಲ್ಲ ತೊಳೆದರೂ ನಡೆಯುತ್ತದೆ.

ಕಾಲರಿಗೆ ತೂತು ಕೊರೆಯುವ ಮೊದಲು ಇನ್ನೊಂದು ನಿರ್ಧಾರ ಬಾಕಿಯಿದೆ. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಯಲ್ಲಿ ಒಂದು ನಲ್ಲಿ ಸೋಡಾಕ್ಕೆ ಮೀಸಲಿಡುವುದು ಒಳ್ಳೆಯದು. ಮಕ್ಕಳೂ ನಿಂಬೆ ಹಿಂಡಿಕೊಂಡು ಕುಡಿಯುತ್ತಾರೆ. ಸೋಡಾಕ್ಕೆ 30 ಪಿಎಸ್‌ಐ ಒತ್ತಡ, ಇಪ್ಪತ್ತು ಅಡಿಗೂ ಮಿಕ್ಕ ಪೈಪು ಬೇಕು. ಬಿಯರಿನ ಒತ್ತಡದಲ್ಲಿ ಅದು ಸಪ್ಪೆ, ಸೋಡಾದ ಒತ್ತಡದಲ್ಲಿ ಬಿಯರ್ ಬರೀ ನೊರೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಒತ್ತಡ ಕೊಡುವ ಜೋಡಿ ರೆಗ್ಯುಲೇಟರನ್ನೇ ಮೊದಲಿಗೆ ಕೊಳ್ಳಬೇಕು. ಆಮೇಲೆ ಸೇರಿಸಿದರೆ ಇಡೀ ಗ್ಯಾಸಿನ ಜೋಡಣೆ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಈಗಲೇ ನಿರ್ಧಾರವಾಗದಿದ್ದರೆ ಕಾಲರಿನಲ್ಲಿ ಒಂದು ತೂತು ಹೆಚ್ಚಿಗೆ ಕೊರೆದು ಬೆಣೆ ಬಡಿದು ಮುಚ್ಚಿಡಿ.